ಎರಡನೆಯ ಕೀಲಿಕೈ

ಸಾಕುವುದು ಬೇರೆ, ಸಾಕುವವನ ಮೇಲೆ ಒಂದು ಕಣ್ಣಿಡುವುದು ಬೇರೆ. ಮನೆಯ ಎಮ್ಮೆಗೆ ಹೊತ್ತಿಗೆ ಸರಿಯಾಗಿ ಮೇವು ನೀರು ಸಿಗುತ್ತಿದೆಯೇ ಎಂದು ನೋಡಲು ಯಾರೂ ಹೊರಗಿನಿಂದ ಬರಬೇಕಾಗಿಲ್ಲ. ಸಂಜೆ ಹಾಲು ಕರೆಯುವಾಗ ಎಮ್ಮೆಯೇ ಲೆಕ್ಕ ಒಪ್ಪಿಸುತ್ತದೆ. ಸರ್ಕಾರಿ ಪ್ರಯೋಗಾಲಯದ ಇಲಿ, ಮೊಲ, ಕುರಿ, ಕುದುರೆ, ಮಂಗಗಳ ಸಂಗತಿ ಹಾಗಲ್ಲ. ಅವುಗಳಿಗೆ ಒಡೆಯನೆಂದರೆ ಸರ್ಕಾರ, ಸರ್ಕಾರವೆಂದರೆ ಕೊನೆಗೆ ನಾವೇ. ನಮ್ಮ ತೆರಿಗೆಯ ದುಡ್ಡಿನಲ್ಲಿ, ನಮ್ಮ ಆರೋಗ್ಯದ ಹೆಸರಿನಲ್ಲಿ, ನಾವು ಎಂದೂ ಕಾಲಿಡದ ಕೋಣೆಗಳಲ್ಲಿ ಅವು ಹುಟ್ಟಿ, ಬೆಳೆದು, ಸಾಯುತ್ತವೆ. ಅವುಗಳನ್ನು ಹೇಗೆ ನೋಡಿಕೊಳ್ಳುತ್ತಿದ್ದಾರೆ ಎಂದು ವಿಚಾರಿಸುವ ಹೊಣೆ ಯಾರದು? ಕೆಲಸ ಮಾಡುವ ವಿಜ್ಞಾನಿಯದೇ, ಅನುಮತಿ ಕೊಡುವ ಅಧಿಕಾರಿಯದೇ, ಅಥವಾ ಫಲ ಉಂಡ ನಮ್ಮದೇ?

ವಿಜ್ಞಾನ ಓದದ ಒಬ್ಬ ಬ್ಯಾಂಕ್ ಗುಮಾಸ್ತ ಈ ಪ್ರಶ್ನೆಯನ್ನು ಎತ್ತುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ದೇಶದ ಕಾನೂನೇ ಈ ವಿಷಯದಲ್ಲಿ ವಿಜ್ಞಾನಿಯಲ್ಲದವನಿಗೂ ಒಂದು ಕುರ್ಚಿ ಹಾಕಿಟ್ಟಿದೆ. ಆ ಕುರ್ಚಿಯ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಕುರಿಯ ಮಾತು.

ನಾನು ಬರೆಯುತ್ತಿರುವುದು ಹೊಳಗುಂದದಿಂದ. 1956ರಲ್ಲಿ ಕಾಸರಗೋಡಿಗೆ ಏನಾಯಿತೋ ಅದು ಮೂರು ವರ್ಷ ಮೊದಲೇ, 1953ರಲ್ಲಿ, ನಮ್ಮ ಕಡೆಗೆ ಆಗಿತ್ತು. ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿ ಬದಲಾದರೂ ಕುರಿಯ ಹಿಂಡುಗಳು ಗಡಿ ನೋಡಿ ಮೇಯಲಿಲ್ಲ. ಇಂದಿಗೂ ಸುಗ್ಗಿ ಮುಗಿದ ಮೇಲೆ ರೈತರು ಕುರುಬರನ್ನು ಕರೆಸಿ, ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ, ಗೊಬ್ಬರಕ್ಕೆ ಬದಲಾಗಿ ಕಾಳನ್ನೋ ಹಣವನ್ನೋ ಕೊಡುತ್ತಾರೆ. ಕಂಬಳಿ, ಗೊಬ್ಬರ, ಮಾಂಸ, ಸಾಲ ತೀರಿಸಲು ನಾಲ್ಕು ಕಾಸು: ಇವೆಲ್ಲ ಕುರಿಯಿಂದ ಬಂದವೆಂದು ನಮಗೆ ಗೊತ್ತು. ನಮ್ಮಲ್ಲಿ ಹಲವರ ಜೀವವೂ ಕುರಿಯಿಂದಲೇ ಉಳಿದಿತ್ತೆಂಬುದು ಮಾತ್ರ ಹೆಚ್ಚು ಜನರಿಗೆ ಗೊತ್ತಿಲ್ಲ.

ನಾಯಿ ಕಚ್ಚಿದರೆ ಹೊಕ್ಕುಳಿನ ಸುತ್ತ 14 ಸೂಜಿ ಎಂಬ ಭಯ ನನ್ನ ವಯಸ್ಸಿನವರಿಗೆಲ್ಲ ನೆನಪಿರುತ್ತದೆ. ಆ ಸೂಜಿಯಲ್ಲಿದ್ದದ್ದು ಕುರಿಯ ಮಿದುಳು. 1911ರ ಹೊತ್ತಿಗೆ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯರು ಈ ಲಸಿಕೆಯ ವಿಧಾನವನ್ನು ರೂಪಿಸಿದರು. ಆರೋಗ್ಯವಾಗಿದ್ದ ಕುರಿಯ ಮಿದುಳಿಗೆ ರೇಬಿಸ್ ವೈರಾಣುವನ್ನು ಚುಚ್ಚುತ್ತಿದ್ದರು. ಕೆಲವು ದಿನಗಳಲ್ಲಿ ಅದಕ್ಕೆ ಲಕ್ವ ಹೊಡೆದು ಕಾಲು ಸೋಲುತ್ತಿತ್ತು. ಆಗ ಅದನ್ನು ಕೊಂದು, ಮಿದುಳು ತೆಗೆದು, ಅರೆದು, ಫೀನಾಲ್ ಸೇರಿಸಿ ವೈರಾಣುವನ್ನು ನಿಷ್ಕ್ರಿಯಗೊಳಿಸಿ ಲಸಿಕೆ ಮಾಡುತ್ತಿದ್ದರು. ಕಸೌಲಿಯಲ್ಲಿ, 1907ರಲ್ಲಿ ಆರಂಭವಾದ ನೀಲಗಿರಿಯ ಕುನ್ನೂರಿನ ಪಾಶ್ಚರ್ ಸಂಸ್ಥೆಯಲ್ಲಿ, ಇನ್ನೂ ಹಲವು ಸರ್ಕಾರಿ ಸಂಸ್ಥೆಗಳಲ್ಲಿ ದಶಕಗಟ್ಟಲೆ ಕುರಿಯ ಮಿದುಳಿನಿಂದ ಲಸಿಕೆ ತಯಾರಾಯಿತು. ಹುಚ್ಚುನಾಯಿ ಕಚ್ಚಿದ ಎಷ್ಟೋ ಮಕ್ಕಳು ಬದುಕಿದರು. ಒಂದೊಂದು ಲಸಿಕೆಯ ಹಿಂದೆಯೂ ಒಂದು ಕುರಿಯ ಕೊನೆಯ ವಾರವಿತ್ತು.

ಇಂಥ ಋಣಗಳು ನಮ್ಮ ಅರಿವಿಗೆ ಬಾರದೆ ನಮ್ಮ ಖಾತೆಗೆ ಜಮೆಯಾಗಿರುತ್ತವೆ. ಅದೇ ಕುನ್ನೂರಿನಲ್ಲಿ 1920ರ ದಶಕದಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಇಲಿಗಳನ್ನು ಗುಂಪು ಗುಂಪಾಗಿ ವಿಂಗಡಿಸಿ, ಒಂದು ಗುಂಪಿಗೆ ಸಿಖ್ಖರ ಊಟ, ಒಂದಕ್ಕೆ ಪಠಾಣರದು, ಒಂದಕ್ಕೆ ಮರಾಠರದು, ಒಂದಕ್ಕೆ ಬಂಗಾಳಿಗಳದು, ಒಂದಕ್ಕೆ ಮದರಾಸಿನವರದು, ಒಂದಕ್ಕೆ ಕನ್ನಡಿಗರದು ಎಂದು ಹಾಕಿ ಬೆಳೆಸಿದರು. ಗೋಧಿ, ಹಾಲು, ತರಕಾರಿಯ ಸಿಖ್ಖರ ಊಟ ಉಂಡ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು. ಅನ್ನವೇ ಹೆಚ್ಚಾದ ಮದರಾಸಿನ ಊಟದವು ಎಲ್ಲಕ್ಕಿಂತ ಸೊರಗಿದವು. ನಮ್ಮ ಊಟ ಉಂಡವು ನಡುವೆ ಎಲ್ಲೋ ನಿಂತವು. ಅಲ್ಲಿಯ ಸಂಶೋಧನಾಲಯ 1958ರಲ್ಲಿ ಹೈದರಾಬಾದಿಗೆ ಬಂದು, ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಶಾಲೆಯ ಬಿಸಿಯೂಟ, ಅಂಗನವಾಡಿಯ ಆಹಾರ ಎಂದು ಇಂದು ನಾವು ಆಡುವ ಮಾತಿನ ಹಿಂದೆ, ನಮ್ಮ ತಟ್ಟೆಯ ಊಟವನ್ನು ನಮಗಾಗಿ ಉಂಡು ತೂಕ ಕೊಟ್ಟ ಆ ಇಲಿಗಳೂ ಇವೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ನಮ್ಮ ಕಡೆಯ ಜಾತ್ರೆಗಳಲ್ಲಿ ಟಗರು ಬೀಳುತ್ತದೆ. ವಾರಕ್ಕೊಮ್ಮೆ ಮನೆಯಲ್ಲಿ ಮಾಂಸ ಬೇಯುತ್ತದೆ. ಕುರಿ ತಿನ್ನುವವರಿಗೆ ಪ್ರಯೋಗಾಲಯದ ಕುರಿಯ ಬಗ್ಗೆ ಮರುಗುವ ಅಧಿಕಾರ ಎಲ್ಲಿಯದು? ಪ್ರಶ್ನೆ ನ್ಯಾಯವಾದದ್ದೇ. ಆದರೆ ತಿನ್ನುವುದಕ್ಕೂ ನೋಯಿಸುವುದಕ್ಕೂ ನಡುವೆ ನಮ್ಮ ಕುರುಬರು ಒಂದು ಗೆರೆ ಎಳೆದುಕೊಂಡಿದ್ದಾರೆ. ಮರಿ ನಡೆಯಲಾರದಿದ್ದರೆ ಹೆಗಲ ಮೇಲೆ ಹೊತ್ತು ನಡೆಯುತ್ತಾರೆ, ಕುಂಟುವ ಕುರಿಗಾಗಿ ಇಡೀ ಹಿಂಡನ್ನೇ ನಿಧಾನಿಸುತ್ತಾರೆ. ಮಾರುವ ದಿನ ಬರುವವರೆಗೂ ಆ ಪ್ರಾಣಿಯ ಹಸಿವು, ನೀರಡಿಕೆ, ರೋಗ ಕಾಯುವವನ ಹಸಿವು, ನೀರಡಿಕೆ, ರೋಗವೇ. ಕೊಲ್ಲುವ ಅಧಿಕಾರವಿದೆ ಎಂದ ಮಾತ್ರಕ್ಕೆ ಅಲಕ್ಷಿಸುವ ಅಧಿಕಾರವೂ ಇದೆ ಎಂದು ಅವರು ಎಂದೂ ತಿಳಿದವರಲ್ಲ. ಗಾಂಧೀಜಿಯವರಂತೆ ಪ್ರಾಣಿಗಳ ಮೇಲಿನ ಪ್ರಯೋಗವನ್ನೇ ಒಪ್ಪದವರಿದ್ದಾರೆ. ಅವರ ನಿಲುವಿಗೆ ನಾನು ತಲೆಬಾಗುತ್ತೇನೆ, ಆದರೆ ಅಷ್ಟು ದೂರ ಹೋಗಲಾರೆ. ನಾಯಿ ಕಚ್ಚಿದ ಮಗುವನ್ನು ಎದುರಿಗಿಟ್ಟುಕೊಂಡು ಲಸಿಕೆ ಬೇಡವೆನ್ನುವ ಶಕ್ತಿ ನನಗಿಲ್ಲ. ಹಾಗಾಗಿ ನನ್ನ ಪ್ರಶ್ನೆ ಸಣ್ಣದು: ಬಳಸಲೇಬೇಕಾದರೆ, ಬಳಸುವವನ ಕೈಯನ್ನು ಹಿಡಿದು ನಿಲ್ಲಿಸಬಲ್ಲವರು ಯಾರು?

ನಮ್ಮ ಕಾನೂನು ಇದಕ್ಕೆ ಒಂದು ಉತ್ತರ ಕೊಟ್ಟಿದೆ. ನೃತ್ಯಗಾರ್ತಿ ರುಕ್ಮಿಣಿ ದೇವಿ ಅರುಂಡೇಲ್ ಅವರು ರಾಜ್ಯಸಭೆಯ ಸದಸ್ಯೆಯಾಗಿದ್ದಾಗ ಖಾಸಗಿ ಮಸೂದೆಯ ಮೂಲಕ ಹಚ್ಚಿದ ಚರ್ಚೆಯ ಫಲವಾಗಿ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂತು. ಅದು ಪ್ರಯೋಗಗಳನ್ನು ನಿಷೇಧಿಸಲಿಲ್ಲ. ಅವುಗಳ ಮೇಲೆ ಒಂದು ಸಮಿತಿಯನ್ನು ಕೂರಿಸಲು ಅವಕಾಶ ಮಾಡಿತು. 1964ರಲ್ಲಿ ಆ ಸಮಿತಿ ಮೊದಲಿಗೆ ರಚನೆಯಾಯಿತು. ಅದು ನೋಡಿಕೊಳ್ಳಬೇಕಾದ ಸಂಗತಿಗಳನ್ನು ಕಾಯ್ದೆಯೇ ಪಟ್ಟಿ ಮಾಡಿದೆ. ಪ್ರಯೋಗ ಎಚ್ಚರದಿಂದಲೂ ಕರುಣೆಯಿಂದಲೂ ನಡೆಯಬೇಕು. ಸಾಧ್ಯವಾದಷ್ಟೂ ಅರಿವಳಿಕೆ ಕೊಟ್ಟೇ ಮಾಡಬೇಕು. ಸಣ್ಣ ಪ್ರಾಣಿಯಿಂದ ಆಗುವ ಕೆಲಸಕ್ಕೆ ದೊಡ್ಡ ಪ್ರಾಣಿ ಬೇಡ. ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಯಬಹುದಾದುದಕ್ಕೆ ಪ್ರಾಣಿಯೇ ಬೇಡ. ಬರಿಯ ಕೈಚಳಕ ಕಲಿಯುವುದಕ್ಕಾಗಿ ಪ್ರಯೋಗ ಬೇಡ. ಮೊದಲೂ ಆಮೇಲೂ ಆರೈಕೆ ಬೇಕು. ಎಲ್ಲದಕ್ಕೂ ದಾಖಲೆ ಬೇಕು. ಸಂಸ್ಥೆಯಲ್ಲಿ ತಪ್ಪು ನಡೆದರೆ ಅದರ ಮುಖ್ಯಸ್ಥನೇ ತಪ್ಪಿತಸ್ಥನೆಂದು ಎಣಿಸಬೇಕು. ಇಷ್ಟು ದೊಡ್ಡ ಮಾತುಗಳ ಕೊನೆಗೆ 1960ರ ಕಾಯ್ದೆ ಬರೆದಿಟ್ಟ ದಂಡ 200 ರೂಪಾಯಿ ಮೀರದಂತೆ! ದುಡ್ಡಿನ ಲೆಕ್ಕ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಕಾಯ್ದೆ ಸತ್ತು ಬಿದ್ದಿರಲಿಲ್ಲ. 1998ರಲ್ಲಿ ಹೊಸ ನಿಯಮಗಳು ಬಂದವು. 2001ರಲ್ಲಿ, 2006ರಲ್ಲಿ ತಿದ್ದುಪಡಿಯಾದವು. ಪ್ರಯೋಗಕ್ಕೆ ಪ್ರಾಣಿ ಬಳಸುವ ಪ್ರತಿ ಸಂಸ್ಥೆಯೂ ನೋಂದಣಿ ಮಾಡಿಸಬೇಕು. ಪ್ರತಿ ಸಂಸ್ಥೆಯಲ್ಲೂ ಎಂಟು ಜನರ ಪ್ರಾಣಿ ನೀತಿ ಸಮಿತಿ ಇರಬೇಕು. ಅದರಲ್ಲಿ ಸಂಸ್ಥೆಯ ವಿಜ್ಞಾನಿಗಳು, ಪಶುವೈದ್ಯರು, ಪ್ರಾಣಿಗೃಹದ ಮೇಲ್ವಿಚಾರಕರು, ಕೇಂದ್ರ ಸಮಿತಿಯ ಪ್ರತಿನಿಧಿ, ಹೊರಗಿನ ಒಬ್ಬ ವಿಜ್ಞಾನಿ ಇರುತ್ತಾರೆ. ಇವರ ಜೊತೆಗೆ ವಿಜ್ಞಾನಿಯಲ್ಲದ, ಸಾಮಾಜಿಕ ಅರಿವುಳ್ಳ ಒಬ್ಬ ಸಾಮಾನ್ಯ ವ್ಯಕ್ತಿಯೂ ಇರಬೇಕು. ನಾನು ಮೊದಲಿಗೆ ಹೇಳಿದ ಕುರ್ಚಿ ಇದೇ.

ಈ ಕುರ್ಚಿಯ ಅರ್ಥ ಬ್ಯಾಂಕಿನವರಿಗೆ ಬೇಗ ಹೊಳೆಯುತ್ತದೆ. ಬ್ಯಾಂಕಿನ ತಿಜೋರಿಗೆ ಎರಡು ಕೀಲಿಕೈ. ಒಂದು ಕ್ಯಾಷಿಯರ್ ಬಳಿ, ಇನ್ನೊಂದು ಅಧಿಕಾರಿಯ ಬಳಿ. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಕ್ಯಾಷಿಯರ್ ಕಳ್ಳನೆಂದು ಯಾರೂ ಹೀಗೆ ಮಾಡಿಲ್ಲ; ಎಷ್ಟೇ ಪ್ರಾಮಾಣಿಕನಾದರೂ ಒಬ್ಬನೇ ಮನುಷ್ಯನ ಮೇಲೆ ಅಷ್ಟು ಭಾರ ಹೊರಿಸಬಾರದೆಂದು ಮಾಡಿದ್ದಾರೆ. ಅದೂ ಸಾಲದೆಂದು ಆಗಾಗ ಬೇರೆ ಶಾಖೆಯ ಅಧಿಕಾರಿ ಹೇಳದೆ ಕೇಳದೆ ಬಂದು ನಗದು ಎಣಿಸುತ್ತಾರೆ. ಆ ನಗದಿನಿಂದ ಅವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹಾಗೆಂದೇ ಅವರ ಎಣಿಕೆಗೆ ಬೆಲೆ. ಸರ್ಕಾರಿ ಪ್ರಯೋಗಾಲಯದಲ್ಲಿ ಈ ತೊಡಕು ಇನ್ನೂ ದೊಡ್ಡದು. ಪ್ರಾಣಿ ಸರ್ಕಾರದ್ದು, ವಿಜ್ಞಾನಿಗೆ ಸಂಬಳ ಸರ್ಕಾರದ್ದು, ಪರವಾನಗಿ ಸರ್ಕಾರದ್ದು, ತಪಾಸಣೆಗೆ ಬರುವವರೂ ಸರ್ಕಾರದವರೇ. ಒಂದೇ ಕೈಯಲ್ಲಿ ಎರಡೂ ಕೀಲಿಕೈ ಇದ್ದಂತೆ. ವಿಜ್ಞಾನಿಯಲ್ಲದ ಆ ಒಬ್ಬ ಸದಸ್ಯ ಎರಡನೆಯ ಕೀಲಿಕೈ ಹಿಡಿದವನು.

ಹಿಡಿದು ಅವನು ಏನು ಕೇಳಬೇಕು? ಪಂಜರ ಎಷ್ಟು ಅಗಲ, ಮೇವು ಎಷ್ಟು, ಅರಿವಳಿಕೆ ಯಾವುದು ಎಂದು ಕೇಳಲು ಪಶುವೈದ್ಯರಿದ್ದಾರೆ. ಅದು ಆರೈಕೆಯ ಪ್ರಶ್ನೆ. ಹೊರಗಿನವನು ಕೇಳಬೇಕಾದದ್ದು ಇನ್ನೂ ಸರಳವಾದದ್ದು: ಇದು ಇನ್ನೂ ಬೇಕೇ? ಬ್ಯಾಂಕಿನಲ್ಲಿ ಸಾಲದ ಮಿತಿಯನ್ನು ಒಮ್ಮೆ ಮಂಜೂರು ಮಾಡಿ ಮರೆತುಬಿಡುವಂತಿಲ್ಲ. ವರ್ಷ ವರ್ಷ ತಿರುಗಿ ನೋಡಿ, ಇನ್ನೂ ಅಗತ್ಯವಿದೆಯೇ ಎಂದು ಬರೆಯಬೇಕು. ಜೀವದ ವಿಷಯದಲ್ಲಿ ಅಷ್ಟಾದರೂ ಬೇಡವೇ? ಒಳಗಿನವರಿಗೆ ಈ ಪ್ರಶ್ನೆ ಸುಲಭವಾಗಿ ಹುಟ್ಟುವುದಿಲ್ಲ. ಅವರು ಕೆಟ್ಟವರೆಂದಲ್ಲ, ದಿನವೂ ಮಾಡುವ ಕೆಲಸ ಯಾರಿಗೇ ಆಗಲಿ ಅಗತ್ಯವೆಂದೇ ಕಾಣುತ್ತದೆ.

ಸೆಂಪಲ್ ಲಸಿಕೆಯ ಕೊನೆಯ ಅಧ್ಯಾಯ ಇದನ್ನೇ ಹೇಳುತ್ತದೆ. ಆ ಲಸಿಕೆಯೊಳಗಿನ ಮಿದುಳಿನ ಅಂಶದಿಂದ ಕೆಲವು ರೋಗಿಗಳಿಗೆ ಲಕ್ವ ಹೊಡೆಯುತ್ತದೆಂಬುದು ಹಳೆಯ ಸಂಗತಿ. ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ತಯಾರಿಸುವ ಸುರಕ್ಷಿತ ಲಸಿಕೆ 1970ರ ದಶಕದಲ್ಲೇ ಬಂದಿತ್ತು. ಮಿದುಳಿನ ಲಸಿಕೆಯನ್ನು ಕೈಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಿಂದಲೇ ಹೇಳುತ್ತ ಬಂದಿತ್ತು. ಭಾರತ ಅದನ್ನು ನಿಲ್ಲಿಸಿದ್ದು 2004ರ ಡಿಸೆಂಬರಿನಲ್ಲಿ. ನಡುವಿನ ವರ್ಷಗಳಲ್ಲಿ ಕಾಸಿದ್ದವರು ಔಷಧದ ಅಂಗಡಿಯಲ್ಲಿ ಹೊಸ ಲಸಿಕೆ ಕೊಂಡರು; ಇಲ್ಲದವರು ಸರ್ಕಾರಿ ಆಸ್ಪತ್ರೆಯಲ್ಲಿ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡರು. ಹೊಸದು ದುಬಾರಿಯಾಗಿತ್ತು, ದೇಶ ಬಡದಾಗಿತ್ತು ಎಂಬುದು ನಿಜ. ಒಂದೇ ದಿನದಲ್ಲಿ ಬದಲಾಯಿಸಲು ಆಗುತ್ತಿರಲಿಲ್ಲ ಎಂಬುದೂ ನಿಜ. ಆದರೆ ಇಪ್ಪತ್ತು ವರ್ಷವೇ? ಆ ಕಾಲದ ಕುರಿಗಳನ್ನು ಎಷ್ಟೇ ಚೆನ್ನಾಗಿ ಮೇಯಿಸಿದ್ದರೂ, ಅವುಗಳ ಸಾವನ್ನು ಅಗತ್ಯವೆಂದು ಕರೆಯುವುದು ವರ್ಷ ಕಳೆದಂತೆ ಕಷ್ಟವಾಗುತ್ತ ಹೋಯಿತು. ಕುರಿಯ ನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಡೆ ಬಡವನ ನೋವೂ ಲೆಕ್ಕಕ್ಕೆ ಬರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಹೊರಗಿನ ಪ್ರಶ್ನೆಗೆ ಶಕ್ತಿಯಿದೆ ಎಂಬುದಕ್ಕೂ ಉದಾಹರಣೆ ಇದೆ. ಒಂದು ಕಾಲದಲ್ಲಿ ನಮ್ಮ ದೇಶದಿಂದ ಮಂಗಗಳು ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದವು, ವೈದ್ಯಕೀಯ ಸಂಶೋಧನೆಗೆಂದು. ಅವುಗಳಲ್ಲಿ ಕೆಲವನ್ನು ಸೈನ್ಯದ ವಿಕಿರಣ ಪ್ರಯೋಗಗಳಿಗೆ ಬಳಸಿದ್ದನ್ನು ಪ್ರಾಣಿಪರ ಸಂಘಟನೆಯವರು ಬಯಲಿಗೆಳೆದರು. 1978ರಲ್ಲಿ ಮೊರಾರ್ಜಿ ದೇಸಾಯಿಯವರ ಸರ್ಕಾರ ಮಂಗಗಳ ರಫ್ತನ್ನೇ ನಿಲ್ಲಿಸಿತು. ಪ್ರಾಣಿ ಎಲ್ಲಿಗೆ ಹೋಯಿತು, ಯಾವ ಕೆಲಸಕ್ಕೆ ಹೋಯಿತು ಎಂದು ಕೇಳಿದ್ದರಿಂದ ಇದು ಸಾಧ್ಯವಾಯಿತು.

ಕಾಸರಗೋಡಿನ ಓದುಗರಿಗೆ ಇದರ ಇನ್ನೊಂದು ಮುಖವನ್ನು ನಾನು ಹೇಳಿಕೊಡಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಸರ್ಕಾರಿ ಒಡೆತನದ ಪ್ಲಾಂಟೇಷನ್ ಕಾರ್ಪೊರೇಷನ್ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. 1979ರ ಹೊತ್ತಿಗೇ ಪಡ್ರೆಯಲ್ಲಿ ಕರುಗಳು ಸೊಟ್ಟ ಕಾಲಿನೊಂದಿಗೆ ಹುಟ್ಟಿದವು. ಪತ್ರಕರ್ತ ಶ್ರೀ ಪಡ್ರೆಯವರು 1981ರಲ್ಲೇ ಅದನ್ನು ಕುರಿತು ಬರೆದರು. ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲಿ ತಡೆದದ್ದು 2011ರಲ್ಲಿ. ಈಗ ಒಂದು ಸಂಗತಿಯನ್ನು ಯೋಚಿಸಿ ನೋಡಿ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಯಾವ ಕೀಟನಾಶಕಕ್ಕೂ ನೋಂದಣಿ ಸಿಗಬೇಕಾದರೆ ಅದರ ವಿಷದ ಪ್ರಮಾಣವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದ ವರದಿ ಬೇಕು. ಅಂದರೆ ಇಲಿ, ಮೊಲಗಳು ಮೊದಲೇ ಸತ್ತು ಎಚ್ಚರಿಕೆ ಬರೆದುಕೊಟ್ಟಿದ್ದವು: ಇದು ನರಗಳಿಗೆ ವಿಷ, ಎಚ್ಚರದಿಂದ ಬಳಸಿ ಎಂದು. ಆ ಎಚ್ಚರಿಕೆ ಕಡತದಲ್ಲಿತ್ತು, ಹೆಲಿಕಾಪ್ಟರ್ ಆಕಾಶದಲ್ಲಿತ್ತು, ಕೆಳಗೆ ಬಾವಿ, ತೋಡು, ಶಾಲೆ, ಮನೆಗಳಿದ್ದವು. ಪ್ರಯೋಗಾಲಯದ ಪ್ರಾಣಿ ಕೊಟ್ಟ ಸಾಕ್ಷ್ಯವನ್ನೂ ಕೊಟ್ಟಿಗೆಯ ಕರು ಕೊಟ್ಟ ಸಾಕ್ಷ್ಯವನ್ನೂ ಯಾರೂ ಓದಲಿಲ್ಲ. ಪ್ರಾಣಿಯ ಜೀವ ತೆಗೆದು ಪಡೆದ ಅರಿವನ್ನು ಬಳಸದೆ ಬಿಡುವುದು ಆ ಪ್ರಾಣಿಯನ್ನು ಎರಡನೆಯ ಸಲ ಕೊಂದಂತೆ. ಹಾಗಾಗಿ ಮೇಲ್ವಿಚಾರಣೆ ಪಂಜರದ ಬಾಗಿಲಲ್ಲಿ ಮುಗಿಯುವ ಕೆಲಸವಲ್ಲ. ಅಲ್ಲಿ ಕಂಡುಕೊಂಡದ್ದು ಎಲ್ಲಿಗೆ ಹೋಯಿತು ಎಂದು ಹಿಂಬಾಲಿಸಿ ಕೇಳುವುದೂ ಅದರಲ್ಲಿ ಸೇರುತ್ತದೆ.

ಇನ್ನೂ ಬೇಕೇ ಎಂಬ ಪ್ರಶ್ನೆಗೆ ಯಾವಾಗಲೂ ಬೇಡವೆಂಬ ಉತ್ತರವೇ ಬರಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಹತ್ತಿಯ ಹೊಲಗಳಲ್ಲಿ, ನಿಮ್ಮ ಅಡಕೆಯ ತೋಟಗಳಲ್ಲಿ ಹಾವು ಕಚ್ಚಿದರೆ ಜೀವ ಉಳಿಸುವ ಮದ್ದು ಇಂದಿಗೂ ಕುದುರೆಯ ರಕ್ತದಿಂದಲೇ ಬರುತ್ತದೆ. ಕುದುರೆಗೆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ತೆಗೆಯುತ್ತಾರೆ. ಇಂದು ಈ ಪ್ರಶ್ನೆಗೆ ಉತ್ತರ, ಬೇಕು. ಬೇಕೆಂದ ಮೇಲೆ ಆ ಕುದುರೆಗೆ ವಿಶ್ರಾಂತಿ, ಒಳ್ಳೆಯ ಮೇವು, ಗಾಯಕ್ಕೆ ಮದ್ದು, ಮುದಿಯಾದಾಗ ನೆರಳು ಕೊಡುವುದು ದಾನವಲ್ಲ, ಬಾಕಿ ತೀರಿಸುವುದು. ಆದರೆ ನಾಳೆಯ ಉತ್ತರ ಬೇರೆಯಾಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೂಡಿ, ನಾಗರಹಾವಿನ ಕುಲದ ಹಾವುಗಳ ವಿಷದಲ್ಲಿರುವ ಒಂದು ಬಗೆಯ ಘಾತಕ ಅಂಶವನ್ನು ತಡೆಯುವ ಪ್ರತಿಕಾಯವನ್ನು ಪ್ರಯೋಗಾಲಯದಲ್ಲೇ ರೂಪಿಸಿದ್ದನ್ನು 2024ರಲ್ಲಿ ಪ್ರಕಟಿಸಿದರು. ಅದು ಮದ್ದಾಗಿ ಆಸ್ಪತ್ರೆಗೆ ಬರಲು ಇನ್ನೂ ದೂರವಿದೆ. ಬಂದ ದಿನ ಕುದುರೆಯನ್ನು ಬಿಡಿ ಎಂದು ಹೇಳಲು ಯಾರಾದರೂ ನೆನಪಿಟ್ಟುಕೊಂಡು ಕೂತಿರಬೇಕು. ಕುರಿಗೆ ಅಂಥವರು ಸಿಗಲಿಲ್ಲ.

ಪುಣ್ಯಕೋಟಿಯ ಕಥೆ ನಮಗೆಲ್ಲ ಬಾಯಿಪಾಠ. ಅಲ್ಲಿ ಹುಲಿಯ ಮನಸ್ಸು ಕರಗಿದ್ದು ಹಸು ಮಾತಾಡಿದ್ದರಿಂದ. ಪ್ರಯೋಗಾಲಯದ ಕುರಿಗೆ ಆ ಭಾಗ್ಯವಿಲ್ಲ. ಅದು ಅರ್ಜಿ ಬರೆಯಲಾರದು, ಸಹಿ ಹಾಕಲಾರದು, ಮೇಲ್ಮನವಿ ಸಲ್ಲಿಸಲಾರದು. ಅದರ ಪರವಾಗಿ ಮಾತಾಡುವವರು ಬೇರೆಯವರೇ ಆಗಬೇಕು. ಗಡಿಯಾಚೆ ಉಳಿದ ಕನ್ನಡದ ಮನೆಗಳಿಗೆ ಇದರ ಒಂದು ಸಣ್ಣ ಅಂಶ ಅನುಭವದಿಂದ ಗೊತ್ತು. ಮನುಷ್ಯರನ್ನು ಕುರಿಗೆ ಹೋಲಿಸುವ ಉದ್ದೇಶ ನನ್ನದಲ್ಲ. ಆದರೆ ಕಚೇರಿಯ ಭಾಷೆ ಬಾರದ ಮುದುಕಿ ಕೈಯಲ್ಲಿ ಕಾಗದ ಹಿಡಿದು ಕಿಟಕಿಯ ಮುಂದೆ ನಿಂತದ್ದನ್ನು ಹೊಳಗುಂದದಲ್ಲೂ ಕಾಣಬಹುದು, ಮಂಜೇಶ್ವರದಲ್ಲೂ ಕಾಣಬಹುದು. ಭಾಷಾ ಅಲ್ಪಸಂಖ್ಯಾತರ ಹಿತ ನೋಡಲು ಒಬ್ಬ ವಿಶೇಷ ಅಧಿಕಾರಿ ಇರಬೇಕೆಂದು 1956ರ ತಿದ್ದುಪಡಿಯಿಂದ ಸಂವಿಧಾನವೇ ಹೇಳಿದೆ. ಅಧಿಕಾರಿ ಇದ್ದಾರೆ, ವರದಿಗಳೂ ಇವೆ. ಆದರೂ ಊರಿನ ಶಾಲೆಗೆ ಕನ್ನಡ ಮೇಷ್ಟ್ರು ಬರುವುದು ಊರಿನವರು ಹೋಗಿ ಕೇಳಿದಾಗಲೇ. ಸಮಿತಿ ಇದೆ ಎಂಬುದೂ ಸಮಿತಿ ಕೆಲಸ ಮಾಡುತ್ತಿದೆ ಎಂಬುದೂ ಒಂದೇ ಅಲ್ಲವೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಮಾತು ಬಾರದವರ ಪಾಡು ಏನೆಂಬುದನ್ನು ಅಷ್ಟಿಷ್ಟಾದರೂ ಬಲ್ಲವರು ಮಾತೇ ಇಲ್ಲದವುಗಳ ಕಡೆಗೆ ಕುರುಡಾಗಬಾರದು.

ಆ ಎಂಟು ಜನರ ಸಮಿತಿಯ ಸಾಮಾನ್ಯನ ಕುರ್ಚಿಯಲ್ಲಿ ಕೂರಲು ನಿವೃತ್ತ ಮೇಷ್ಟ್ರು ಸಾಕು, ವಕೀಲರು ಸಾಕು, ಮನೆ ನಡೆಸಿ ಬಲ್ಲ ಗೃಹಿಣಿ ಸಾಕು. ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ, ಹೈದರಾಬಾದಿನಲ್ಲಿ ಔಷಧಶಾಸ್ತ್ರ, ಜೀವವಿಜ್ಞಾನ ಓದುತ್ತಿರುವ ನಮ್ಮ ಮಕ್ಕಳು ನಾಳೆ ಅದೇ ಮೇಜಿನ ಇನ್ನೊಂದು ಬದಿಯಲ್ಲಿ ಕೂರುತ್ತಾರೆ. ರಜೆಗೆ ಬಂದಾಗ ಅಂಕಗಳೆಷ್ಟು, ಸಂಬಳವೆಷ್ಟು ಎಂದು ಕೇಳುವ ನಾವು, ನಿಮ್ಮ ಪ್ರಯೋಗಾಲಯದ ಪ್ರಾಣಿಗಳನ್ನು ನೋಡಿಕೊಳ್ಳುವವರು ಯಾರು, ನೀವು ಮಾಡುವ ಪ್ರಯೋಗ ಬೇರೆ ದಾರಿಯಿಂದ ಆಗುವುದಿಲ್ಲವೇ ಎಂದೂ ಒಮ್ಮೆ ಕೇಳಬಹುದು. 2005ರಿಂದ ಮಾಹಿತಿ ಹಕ್ಕಿನ ಕಾಯ್ದೆಯಿದೆ. ನೀತಿ ಸಮಿತಿ ವರ್ಷಕ್ಕೆ ಎಷ್ಟು ಸಲ ಸೇರಿತು, ಎಷ್ಟು ಪ್ರಯೋಗಗಳಿಗೆ ಒಪ್ಪಿಗೆ ಕೊಟ್ಟಿತು, ಎಷ್ಟನ್ನು ಬೇಡವೆಂದಿತು ಎಂದು ಯಾವ ಸರ್ಕಾರಿ ಸಂಸ್ಥೆಯನ್ನಾದರೂ ಹತ್ತು ರೂಪಾಯಿಯ ಅರ್ಜಿಯಲ್ಲಿ ಕೇಳಬಹುದು. ಒಂದನ್ನೂ ಬೇಡವೆನ್ನದ ಸಮಿತಿ ಇದ್ದರೆ, ಅಲ್ಲಿ ಎರಡನೆಯ ಕೀಲಿಕೈ ಯಾರ ಜೇಬಿನಲ್ಲಿದೆ ಎಂದು ಸಂಶಯಪಡಬೇಕಾಗುತ್ತದೆ.

ಸಾಲ ತೀರಿಸಲಾಗದವನೂ ಬಾಕಿಯನ್ನು ಒಪ್ಪಿಕೊಂಡು ಸಹಿ ಹಾಕಿಕೊಟ್ಟರೆ ಅದಕ್ಕೆ ಬ್ಯಾಂಕಿನಲ್ಲಿ ಬೆಲೆಯಿದೆ. ಸಾಲ ಅಲ್ಲಿಗೆ ಸಾಯುವುದಿಲ್ಲ. ಪ್ರಾಣಿಗಳಿಗೆ ನಾವು ಕೊಡಬೇಕಾದದ್ದನ್ನು ಪೂರ್ತಿ ತೀರಿಸಲು ನಮ್ಮಿಂದ ಆಗದಿರಬಹುದು. ವರ್ಷಕ್ಕೊಮ್ಮೆಯಾದರೂ ಕಡತ ತೆರೆದು, ಇದು ಇನ್ನೂ ಬೇಕೇ ಎಂದು ಕೇಳಿ, ಉತ್ತರವನ್ನು ಬರೆಸಿಕೊಂಡು ಬರಲು ಖಂಡಿತ ಆಗುತ್ತದೆ.